ಮೊಲಕ್ಕೆಂತಾ ಕಾಲ?

ಅಂಕೋಲೆ ಕಡೆಯ ಹಳಬರನ್ನು ಮಾತಿಗೆಳೆದು, ಮೊಲದ ಶಿಕಾರಿಗೆ ಹಿಂದೆ ಯಾವ ಕಾಲ ಒಳ್ಳೆಯದಾಗಿತ್ತು ಎಂದು ಕೇಳಿ ನೋಡಿ. ಮೊದಲು ಒಮ್ಮೆ ಆಚೀಚೆ ನೋಡುತ್ತಾರೆ. ಆಮೇಲೆ ಉತ್ತರ ಬರುತ್ತದೆ, ಅದೂ ‘ಆಗೆಲ್ಲ’ ಎಂದು ಶುರುವಾಗಿ. ದೀಪಾವಳಿ ಕಳೆದು ಗದ್ದೆ ಕೊಯ್ಲು ಮುಗಿದ ಮೇಲೆ ಎನ್ನುವವರು ಒಬ್ಬರು. ಸುಗ್ಗಿಯ ಹೊತ್ತಿಗೆ, ಬೇಣದ ಹುಲ್ಲು ಒಣಗಿ ನೆಲ ಕಾಣುವಾಗ ಎನ್ನುವವರು ಇನ್ನೊಬ್ಬರು. ಮೊದಲ ಮಳೆ ಬಿದ್ದು ಗುಡ್ಡ ಚಿಗುರಿದಾಗ ಅದು ತಾನಾಗಿಯೇ ಬಯಲಿಗೆ ಬರುತ್ತಿತ್ತು ಎನ್ನುವವರು ಮತ್ತೊಬ್ಬರು. ಮೂರನ್ನೂ ಕೂಡಿಸಿದರೆ ವರ್ಷದಲ್ಲಿ ಮೊಲ ನಿಶ್ಚಿಂತೆಯಿಂದ ಇರಬಹುದಾದದ್ದು ಆಷಾಢ, ಶ್ರಾವಣದ ಜಡಿಮಳೆಯ ದಿನಗಳಲ್ಲಿ ಮಾತ್ರ.

ಅವರ್ಸಾ ಕಡೆಯ ಅಜ್ಜನೊಬ್ಬ ನನಗೆ ಹೇಳಿದ ಉತ್ತರ ಇನ್ನೂ ಸರಳ. “ಮೊಲಕ್ಕೆಂತಾ ಕಾಲ ತಮಾ? ಕಾಲ ಇರೂದು ನಮ್ಗೆ. ಗದ್ದೆ ಕೆಲಸ ಮುಗೀತು ಅಂದ್ರೆ ಅದೇ ಕಾಲ.”

ಇವತ್ತಿನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರವಾರವಾಗಲಿ ಅಂಕೋಲೆಯಾಗಲಿ, ಭಾರತದ ಯಾವ ಊರೇ ಆಗಲಿ, ಕಾಡುಮೊಲ ಹೊಡೆಯಲು ಒಳ್ಳೆಯ ತಿಂಗಳು ಎಂಬುದೇ ಇಲ್ಲ. ಹನ್ನೆರಡು ತಿಂಗಳೂ ಅದು ಅಪರಾಧ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಂಡರೆ ಅಜ್ಜನ ಮಾತಿನಲ್ಲಿದ್ದ ಸಂಗತಿ ತಪ್ಪಿಹೋಗುತ್ತದೆ. ಊರಿನವರು ‘ಮೊಲದ ಕಾಲ’ ಎಂದು ಕರೆಯುತ್ತಿದ್ದದ್ದು ಮೊಲದ ಬದುಕನ್ನು ನೋಡಿ ಇಟ್ಟ ಹೆಸರಲ್ಲ, ಮನುಷ್ಯನ ಬಿಡುವನ್ನು ನೋಡಿ ಇಟ್ಟದ್ದು.

ಈ ಎರಡು ತಾಲ್ಲೂಕುಗಳ ವರ್ಷ ನಡೆಯುವುದೇ ಮಳೆಯ ಲೆಕ್ಕದಲ್ಲಿ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ಉಳುಮೆ, ನಾಟಿ, ಕಳೆ ಎಂದು ಕೈಗೆ ಪುರುಸೊತ್ತಿಲ್ಲ. ಗುಡ್ಡದಲ್ಲಿ ಹುಲ್ಲು ಎದೆಮಟ್ಟ, ಕಾಲಿಟ್ಟರೆ ಇಂಬಳ. ಕೊಯ್ಲು ಮುಗಿದು ಭತ್ತ ಮನೆ ಸೇರಿದ ಮೇಲೆ ಉಸುಕು ಮಣ್ಣಿನ ಗದ್ದೆಗಳಲ್ಲಿ ಶೇಂಗಾ, ಉದ್ದು, ಕಲ್ಲಂಗಡಿ ಹಾಕುತ್ತಾರೆ. ನೀರು ಹಾಯಿಸುವುದು ಬಿಟ್ಟರೆ ಸಂಜೆಗಳು ಖಾಲಿ. ಹುಲ್ಲು ಕೊಯ್ದು ಗೊಣಬೆ ಹಾಕಿಯಾಗಿರುತ್ತದೆ, ಮರಗಳು ಎಲೆ ಉದುರಿಸಿರುತ್ತವೆ, ದೂರದವರೆಗೆ ಕಣ್ಣು ಹಾಯುತ್ತದೆ. ಶೇಂಗಾದ ಎಳೆ ಗಿಡ ಮೆಲ್ಲಲು ಮೊಲ ಬೇಲಿ ನುಸುಳುತ್ತದೆ. ‘ಬೆಳೆ ಹಾಳು ಮಾಡುತ್ತದೆ’ ಎಂಬ ನೆಪವೂ ಆಯಿತು. ಅಮಾವಾಸ್ಯೆಯ ಆಸುಪಾಸಿನ ಕತ್ತಲು, ಕೈಯಲ್ಲೊಂದು ಬ್ಯಾಟರಿ, ಜೊತೆಗೆ ನಾಲ್ಕು ಜನ. ಬೆಳಕು ಕಣ್ಣಿಗೆ ಬಿದ್ದ ಮೊಲ ಓಡುವುದನ್ನು ಮರೆತು ಅಲ್ಲೇ ನಿಲ್ಲುತ್ತದೆ. ಅದನ್ನು ಶೌರ್ಯ ಎಂದು ಕರೆಯಲು ನನಗಂತೂ ಮನಸ್ಸಾಗುವುದಿಲ್ಲ.

ಇದು ಒಂದು ಜಾತಿ, ಒಂದು ಕೇರಿಯ ಕಥೆಯೂ ಅಲ್ಲ. ಕೋವಿ ಇದ್ದವರು ಕೋವಿಯಿಂದ, ಬಲೆ ಇದ್ದವರು ಬಲೆಯಿಂದ, ಎರಡೂ ಇಲ್ಲದವರು ನಾಯಿ ಮತ್ತು ದೊಣ್ಣೆಯಿಂದ ಶಿಕಾರಿ ಮಾಡುತ್ತಿದ್ದರು. ಘಟ್ಟದ ಮೇಲೂ ಬಯಲುಸೀಮೆಯಲ್ಲೂ ಹೀಗೆಯೇ ಬಿಡುವಿನ ದಿನಗಳಿಗೆ ಹಬ್ಬ ಬಂದು ಅಂಟಿಕೊಂಡಿತು. ರಾಯಚೂರು ಕಡೆ ಯುಗಾದಿಯ ಸಮಯಕ್ಕೆ ಗುಂಪುಗೂಡಿ ಮೊಲ ಅಟ್ಟುವ ರೂಢಿ ಇತ್ತೀಚಿನವರೆಗೂ ಪೊಲೀಸ್ ಪ್ರಕರಣಗಳಾಗಿ ಸುದ್ದಿಯಾಗಿದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಕಡೆ ಸಂಕ್ರಾಂತಿಗೆ ಮೊಲ ಹಿಡಿದು ತಂದು, ದೇವರ ಮುಂದೆ ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ಪದ್ಧತಿ ಇದೆ. ಕೊಲ್ಲದೆ ಬಿಡುವುದು ಎಷ್ಟೋ ಮೇಲು ಎನ್ನಬೇಕು. ಆದರೂ ಕಾನೂನಿನ ಕಣ್ಣಿಗೆ ಹಿಡಿಯುವುದೂ ಬೇಟೆಯೇ.

ಇನ್ನು ಮೊಲದ ಲೆಕ್ಕಕ್ಕೆ ಬರೋಣ. ನಮ್ಮ ಗುಡ್ಡಗಳಲ್ಲಿರುವುದು ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆ ಇರುವ, ಬಾಲದ ಮೇಲ್ಭಾಗವೂ ಕಪ್ಪಾಗಿರುವ ಭಾರತೀಯ ಕಾಡುಮೊಲ. ವಿಜ್ಞಾನಿಗಳು ಕೊಟ್ಟ ಹೆಸರು ಲೀಪಸ್ ನೈಗ್ರಿಕಾಲಿಸ್. ಪಂಜರದಲ್ಲಿ ಸಾಕುವ ಬಿಳಿ ಮೊಲಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಅಷ್ಟೆ. ಸಾಕುಮೊಲದ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯವರು. ಅವು ಬಿಲ ತೋಡುತ್ತವೆ, ಕೂದಲಿಲ್ಲದ, ಕಣ್ಣು ಬಿಡದ ಮರಿ ಹಾಕುತ್ತವೆ. ನಮ್ಮ ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಬಯಲಲ್ಲೇ ಹುಟ್ಟಬೇಕಾದ ಜೀವಕ್ಕೆ ಬೇರೆ ದಾರಿ ಇಲ್ಲ.

ಅದರ ಮನೆ ಎಂದರೆ ಹುಲ್ಲಿನಲ್ಲಿ ಒಂದು ತಗ್ಗು. ಬೆಳಗಿನ ಹೊತ್ತು ಬೇಣದ ಅಂಚಿನಲ್ಲಿ ನಡೆದರೆ, ಚಿರೇಕಲ್ಲಿನ ಬಂಡೆಯ ಪಕ್ಕದಲ್ಲೋ ಗೇರುಗಿಡದ ಬುಡದಲ್ಲೋ, ಹುಲ್ಲು ಒಂದೇ ಕಡೆ ಒತ್ತಿ ಕೂತು, ಹಿಂದೆ ಆಳ ಮುಂದೆ ತೆಳುವಾದ ಗುರುತು ಸಿಗುತ್ತದೆ. ಮೊಲ ಅದರಲ್ಲಿ ಹಿಂಗಾಲು ಮಡಚಿ, ಕಿವಿಯನ್ನು ಬೆನ್ನಿಗೆ ಒತ್ತಿ, ಹಗಲೆಲ್ಲ ಕೂತಿರುತ್ತದೆ. ಕಾಲಿನ ಹತ್ತಿರ ಬರುವ ತನಕ ಕದಲುವುದಿಲ್ಲ. ಕದಲಿತೆಂದರೆ ಅಂಕುಡೊಂಕಾಗಿ ಓಡಿ ಕಣ್ಮರೆ. ಬಂಡೆಯ ಮೇಲೆ ಅದು ಬಿಟ್ಟುಹೋದ ಒಣ ಹಿಕ್ಕೆಗಳು ಇರುತ್ತವೆ. ದುಂಡಗೆ, ಹುಲ್ಲಿನ ಬಣ್ಣ, ಬೆರಳಲ್ಲಿ ಒತ್ತಿದರೆ ಬರೀ ನಾರು, ವಾಸನೆಯೂ ಇಲ್ಲ. ಇದಲ್ಲದೆ ಮೆತ್ತನೆಯ ಇನ್ನೊಂದು ಬಗೆಯ ಹಿಕ್ಕೆ ಇದೆ. ಅದನ್ನು ನಾವು ನೋಡುವುದು ಅಪರೂಪ, ಏಕೆಂದರೆ ಮೊಲ ಅದನ್ನು ಹಾಕಿದ ಕೂಡಲೇ ತಾನೇ ತಿನ್ನುತ್ತದೆ. ಹಸುವಿನಂತೆ ಮೆಲುಕು ಹಾಕಲು ಬಾರದ ಪ್ರಾಣಿ ಹುಲ್ಲಿನ ಸತ್ವವನ್ನು ಪೂರ್ತಿ ಹೀರಿಕೊಳ್ಳಲು ಕಂಡುಕೊಂಡ ಉಪಾಯ ಅದು.

ಕಾರವಾರದ ಕಡೆಯ ದಟ್ಟ ಕಾಡು ಮೊಲದ ಜಾಗವಲ್ಲ. ಕದ್ರಾ ದಾಟಿ ಅಣಶಿ ಘಟ್ಟ ಹತ್ತುವಾಗ ಕಾಣುವ ನಿತ್ಯಹಸಿರು ಕಾಡಿನ ನೆರಳಿನಲ್ಲಿ ಅದಕ್ಕೆ ಬೇಕಾದ ಹುಲ್ಲು ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಕಾಡು ಮತ್ತು ಗದ್ದೆಯ ನಡುವಿನ ನೆಲ. ತೊಡೂರು, ಅಮದಳ್ಳಿ, ಹಟ್ಟಿಕೇರಿ, ಅಗಸೂರುಗಳ ಹಿಂದಿನ ಕುರುಚಲು ಗುಡ್ಡ, ಬೇಣ, ಗೇರು ಪ್ಲಾಂಟೇಶನ್ನಿನ ಅಂಚು. ಅಂದರೆ ನಾವಿರುವ ಕಡೆಯೇ ಅದೂ ಇರುವುದು. ಬೇಣವಿದ್ದ ಕಡೆ ಅಕೇಶಿಯಾ ನೆಟ್ಟರೆ, ಗುಡ್ಡ ಸಮ ಮಾಡಿ ಸೈಟು ಹಾಕಿದರೆ, ಯಾರೂ ಒಂದು ಈಡು ಹೊಡೆಯದಿದ್ದರೂ ಮೊಲ ಕಡಿಮೆಯಾಗುತ್ತದೆ. ಹೆದ್ದಾರಿ 66 ನಾಲ್ಕು ಪಥವಾದ ಮೇಲೆ ರಾತ್ರಿ ದಾಟಲು ಹೋಗಿ ಲಾರಿಯ ಬೆಳಕಿಗೆ ಬೆಪ್ಪಾಗಿ ನಿಂತು ಸಾಯುವುದು ಇನ್ನೊಂದು ಬಗೆ.

ಬೇಟೆಯ ಋತುವನ್ನು ನಿರ್ಧರಿಸುವ ಮುಖ್ಯ ಪ್ರಶ್ನೆ ಎಂದರೆ ಅದು ಮರಿ ಹಾಕುವುದು ಯಾವಾಗ ಎಂಬುದು. ಯುರೋಪಿನಲ್ಲಿ ಇದಕ್ಕೆ ಸ್ಪಷ್ಟ ಉತ್ತರವಿದೆ. ಅಲ್ಲಿ ಚಳಿಗಾಲ ಮುಗಿದ ಮೇಲೆ ಮರಿಗಳು, ಶರತ್ಕಾಲಕ್ಕೆ ಅವು ಬೆಳೆದಿರುತ್ತವೆ. ಹಾಗಾಗಿ ಜರ್ಮನಿಯಲ್ಲಿ ಮೊಲದ ಬೇಟೆಗೆ ಅಕ್ಟೋಬರ್‌ನಿಂದ ಜನವರಿಯ ಮಧ್ಯದವರೆಗೆ ಅವಕಾಶ. ಇಂಗ್ಲೆಂಡಿನಲ್ಲಿ 1892ರಲ್ಲಿ ಮಾಡಿದ ಕಾನೂನಿನ ಪ್ರಕಾರ ಮಾರ್ಚ್‌ನಿಂದ ಜುಲೈ ಮುಗಿಯುವವರೆಗೆ ಕಾಡುಮೊಲ ಮಾರುವಂತಿಲ್ಲ. ಹೊಡೆಯಬಾರದು ಎನ್ನಲಿಲ್ಲ, ಮಾರಬಾರದು ಎಂದರು. ಭೂಮಾಲೀಕರ ದೇಶ, ಇನ್ನೇನು ಹೇಳುವುದು! ನಮ್ಮ ಮೊಲಕ್ಕೆ ಇಂಥ ಗಡುವಿಲ್ಲ. ಅದು ವರ್ಷವಿಡೀ ಮರಿ ಹಾಕುತ್ತದೆ, ಮಳೆಗಾಲದಲ್ಲಿ ಹುಲ್ಲು ಸೊಂಪಾಗಿದ್ದಾಗ ಸ್ವಲ್ಪ ಹೆಚ್ಚು. ಬಸಿರು ಸುಮಾರು ಒಂದೂವರೆ ತಿಂಗಳು. ಒಂದು ಸೂಲಿಗೆ ಒಂದರಿಂದ ನಾಲ್ಕು ಮರಿ. ಒಂದೋ ಎರಡೋ ಇರುವುದೇ ಸಾಮಾನ್ಯ. ‘ಮೊಲ ಎಷ್ಟು ಹೊಡೆದರೂ ಮುಗಿಯುವುದಿಲ್ಲ, ರಾಶಿ ರಾಶಿ ಮರಿ ಹಾಕುತ್ತದೆ’ ಎನ್ನುವವರ ಕಣ್ಣ ಮುಂದಿರುವುದು ಸಾಕುಮೊಲ. ಅದು ತಿಂಗಳಿಗೊಮ್ಮೆ ಆರು ಎಂಟು ಮರಿ ಹಾಕಬಲ್ಲದು. ಕಾಡಿನದಕ್ಕೆ ಆ ಭಾಗ್ಯವಿಲ್ಲ. ಹುಟ್ಟಿದ ಮರಿಗಳಲ್ಲೂ ನರಿ, ಕಾಡುಬೆಕ್ಕು, ಹೆಬ್ಬಾವು, ಗಿಡುಗಗಳ ಪಾಲು ಮೊದಲು.

ಇದರ ಅರ್ಥ ಇಷ್ಟು. ದೀಪಾವಳಿಯ ನಂತರ ಹೊಡೆದ ಮೊಲದ ಹೊಟ್ಟೆಯಲ್ಲೂ ಮರಿ ಇರಬಹುದು, ಹೋಳಿಯಲ್ಲೂ ಇರಬಹುದು, ಮೊದಲ ಮಳೆಗಂತೂ ಇರುವ ಸಂಭವ ಇನ್ನೂ ಹೆಚ್ಚು. ನಿಷಿದ್ಧ ಕಾಲ ಎಂದು ಒಂದು ಮೂರು ತಿಂಗಳನ್ನು ಗೆರೆ ಹಾಕಿ ಬೇರ್ಪಡಿಸಿದರೆ ಉಳಿದದ್ದೆಲ್ಲ ಸರಿಹೋಗುತ್ತದೆ ಎನ್ನುವ ಹಾಗೆ ಈ ಪ್ರಾಣಿಯ ಬದುಕು ಇಲ್ಲವೇ ಇಲ್ಲ.

ಆದರೂ ಅಂಥ ಗೆರೆ ಎಳೆಯುವ ಪ್ರಯತ್ನ ಬಹಳ ವರ್ಷ ನಡೆಯಿತು. ಅದರ ಇತಿಹಾಸ ಕಾರವಾರದವರಿಗೆ ಸ್ವಲ್ಪ ವಿಚಿತ್ರವಾಗಿಯೇ ಇದೆ, ಏಕೆಂದರೆ ಈ ಜಿಲ್ಲೆ ಒಂದೇ ಸರ್ಕಾರದ ಕೈಯಲ್ಲಿ ಇರಲಿಲ್ಲ. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಕಾಡಿನ ಒಳಗೆ ಬೇಟೆಗೆ ಕಡಿವಾಣ ಬಂದದ್ದು 1878ರ ಅರಣ್ಯ ಕಾಯ್ದೆಯಿಂದ. ಮೀಸಲು ಅರಣ್ಯದಲ್ಲಿ ನಿಯಮ ಮೀರಿ ಬೇಟೆಯಾಡುವುದು, ಉರುಳು ಒಡ್ಡುವುದು, ನೀರಿಗೆ ವಿಷ ಹಾಕಿ ಮೀನು ಹಿಡಿಯುವುದು ತಪ್ಪಾಯಿತು. ಆದರೆ ಬೇಣ, ಗದ್ದೆ ಬಯಲು ಮೀಸಲು ಅರಣ್ಯವಲ್ಲವಲ್ಲ.

1912ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಕಾಡು ಹಕ್ಕಿ, ಕಾಡುಪ್ರಾಣಿಗಳ ರಕ್ಷಣೆಗೆಂದು ಎಂಟನೇ ಕಾಯ್ದೆ ಬಂತು. ಅದರ ಪಟ್ಟಿ ತೀರಾ ಚಿಕ್ಕದು. ಜಿಂಕೆ, ಕಾಡೆಮ್ಮೆ, ಖಡ್ಗಮೃಗಗಳ ಜೊತೆಯಲ್ಲಿ ಮೊಲದ ಹೆಸರೂ ಇದೆ. ಪ್ರಾಂತ ಸರ್ಕಾರಗಳು ಯಾವ ಪ್ರಾಣಿಗೆ ಯಾವ ತಿಂಗಳು ನಿಷಿದ್ಧ ಎಂದು ಘೋಷಿಸಬಹುದು, ಆ ಕಾಲದಲ್ಲಿ ಹೊಡೆದರೆ, ಹಿಡಿದರೆ, ಮಾರಿದರೆ ದಂಡ. ಮೊದಲ ತಪ್ಪಿಗೆ 50 ರೂಪಾಯಿಯವರೆಗೆ. ಮತ್ತೆ ಸಿಕ್ಕಿಬಿದ್ದರೆ ಒಂದು ತಿಂಗಳ ಸಜೆಯ ತನಕ. ಆ ಕಾಲದ 50 ರೂಪಾಯಿ ಸಣ್ಣ ಮೊತ್ತವಲ್ಲ. ಆದರೆ ಕಾಯ್ದೆಯ ಹಿಂದಿದ್ದ ಮನಸ್ಸನ್ನು ಗಮನಿಸಬೇಕು. ಮುಂದಿನ ಬೇಟೆಗೆ ಪ್ರಾಣಿ ಉಳಿಯಲಿ ಎಂಬುದೇ ಅಲ್ಲಿ ಕಾಳಜಿ.

ಎಲ್ಲ ಸಾಹೇಬರೂ ಹಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಕಾರವಾರದಲ್ಲೇ ಇದೆ. ಜಿಲ್ಲೆಯ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್, ಉಪ್ಪು ಮತ್ತು ಸುಂಕದ ಇಲಾಖೆಯ ಇ. ಎಚ್. ಏಟ್ಕನ್, ಈ ಮೂವರು ಬಿಡುವಿನ ವೇಳೆಯಲ್ಲಿ ಚಿಟ್ಟೆಗಳ ಹುಳುಗಳನ್ನು ಸಾಕಿ, ಅವು ಯಾವ ಎಲೆ ತಿನ್ನುತ್ತವೆ ಎಂದು ಬರೆದಿಟ್ಟು, ಉತ್ತರ ಕನ್ನಡದ ಚಿಟ್ಟೆಗಳ ಬಗ್ಗೆ 1890ರ ದಶಕದಲ್ಲಿ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೆಲ್ ನಿವೃತ್ತಿಯ ನಂತರ ವಿಲಾಯತಿಗೆ ಹೋಗದೆ ಕಾರವಾರದಲ್ಲೇ ಉಳಿದು 1948ರಲ್ಲಿ ಇಲ್ಲೇ ತೀರಿಕೊಂಡರು. ಗುಡ್ಡ ಸುತ್ತಲು ಹೆಗಲ ಮೇಲೆ ಕೋವಿಯೇ ಬೇಕೆಂದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಮುಂಬಯಿ ರಾಜ್ಯ ತನ್ನದೇ ವನ್ಯಪ್ರಾಣಿ, ವನ್ಯಪಕ್ಷಿ ರಕ್ಷಣಾ ಕಾಯ್ದೆ ಮಾಡಿತು. ಕಾರವಾರ, ಅಂಕೋಲೆಗಳಿಗೆ ಅನ್ವಯಿಸಿದ್ದು ಅದೇ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, 1963ರಲ್ಲಿ ಮೈಸೂರು ರಾಜ್ಯದ ಕಾಯ್ದೆ ಬಂತು. ಆಮೇಲೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ.

ಬಹಳ ಜನ ತಿಳಿದಿರುವಂತೆ 1972ರಲ್ಲೇ ಬೇಟೆಯೆಲ್ಲ ನಿಂತದ್ದಲ್ಲ. ಆಗಿನ ಕಾಯ್ದೆಯಲ್ಲಿ ಬೇಟೆಗೆ ಲೈಸೆನ್ಸ್ ಕೊಡುವ ವ್ಯವಸ್ಥೆ ಇತ್ತು. ಮೊಲವನ್ನು ಇಟ್ಟದ್ದು ನಾಲ್ಕನೇ ಪರಿಶಿಷ್ಟದಲ್ಲಿ, ‘ಚಿಕ್ಕ ಬೇಟೆ’ ಎಂಬ ಪಟ್ಟಿಯಲ್ಲಿ. ಲೈಸೆನ್ಸ್ ಇದ್ದವನು ನಿಷಿದ್ಧ ಕಾಲ ಬಿಟ್ಟು, ರಾತ್ರಿ ಬಿಟ್ಟು, ಬಲೆ ವಿಷ ಬಿಟ್ಟು, ಷರತ್ತಿನ ಪ್ರಕಾರ ಹೊಡೆಯಬಹುದು ಎಂದು ಕಾಗದದ ಮೇಲೆ ಇತ್ತು. ‘ಮೊಲಕ್ಕೆ ಯಾವ ಕಾಲ’ ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಕೊನೆಯದಾಗಿ ಅರ್ಥವಿದ್ದದ್ದು ಆಗಲೇ. 1991ರ ತಿದ್ದುಪಡಿ ಆ ಲೈಸೆನ್ಸುಗಳನ್ನೇ ತೆಗೆದುಹಾಕಿತು. ಆ ವರ್ಷದ ಅಕ್ಟೋಬರ್ 2ರಿಂದ, ಗಾಂಧಿ ಜಯಂತಿಯ ದಿನದಿಂದಲೇ, ಅದು ಜಾರಿಗೆ ಬಂತು. 2022ರ ತಿದ್ದುಪಡಿ ಆರು ಪರಿಶಿಷ್ಟಗಳನ್ನು ನಾಲ್ಕಕ್ಕೆ ಇಳಿಸಿತು. 2023ರ ಏಪ್ರಿಲ್ 1ರಿಂದ ಮೊಲ ಎರಡನೇ ಪರಿಶಿಷ್ಟದಲ್ಲಿದೆ.

ಇವತ್ತು ಒಂದು ಮೊಲ ಹೊಡೆದು ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಜಾಗ ಅಭಯಾರಣ್ಯವೋ ರಾಷ್ಟ್ರೀಯ ಉದ್ಯಾನವೋ ಆಗಿದ್ದರೆ ಶಿಕ್ಷೆ ಮೂರು ವರ್ಷದಿಂದಲೇ ಶುರುವಾಗಿ ಏಳರವರೆಗೆ ಹೋಗುತ್ತದೆ. ಕಾರವಾರದಿಂದ ಘಟ್ಟ ಹತ್ತಿದರೆ ಸಿಗುವ ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ನೆನಪಿಡಬೇಕು. ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದು, ಉರುಳು ಒಡ್ಡುವುದು, ಅಟ್ಟುವುದು, ಅದಕ್ಕೆ ಯತ್ನಿಸುವುದು ಎಲ್ಲವೂ ‘ಬೇಟೆ’ಯ ವ್ಯಾಖ್ಯೆಯಲ್ಲಿ ಬರುತ್ತವೆ. ಬಳಸಿದ ಕೋವಿ, ಬೈಕು, ಜೀಪು ಜಪ್ತಿಯಾಗುತ್ತವೆ. ಮಾಂಸ ತನ್ನದಲ್ಲ, ಯಾರೋ ಕೊಟ್ಟದ್ದು ಎಂದರೂ ನಡೆಯದು. ಕಾಡುಪ್ರಾಣಿಯ ಮಾಂಸ ಸರ್ಕಾರದ ಸೊತ್ತು, ಇಟ್ಟುಕೊಳ್ಳುವುದೇ ತಪ್ಪು. ಬೆಳೆ ರಕ್ಷಣೆಗೆಂದು ಕೊಟ್ಟ ಕೋವಿಯ ಲೈಸೆನ್ಸ್ ಬೇಟೆಗೆ ಕೊಟ್ಟ ಅನುಮತಿಯಲ್ಲ. ಚುನಾವಣೆ ಬಂದಾಗಲೆಲ್ಲ ಆ ಕೋವಿಗಳನ್ನು ಠಾಣೆಗೆ ಒಪ್ಪಿಸಿ ಬರುವ ನಮ್ಮ ರೈತರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪವಿದೆ, ಅದನ್ನು ತಳ್ಳಿಹಾಕಬಾರದು. ಕಾಡುಮೊಲ ಅಳಿವಿನಂಚಿನ ಪ್ರಾಣಿಯಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ಕನಿಷ್ಠ ಆತಂಕದ ಗುಂಪಿನಲ್ಲಿದೆ. ಹಾಗಿದ್ದ ಮೇಲೆ ಯುರೋಪಿನಂತೆ ನಾಲ್ಕು ತಿಂಗಳು ಬಿಟ್ಟರೆ ಏನು ತಪ್ಪು, ಹುಲಿಗೂ ಮೊಲಕ್ಕೂ ಒಂದೇ ಕಾಯ್ದೆಯೇ ಎಂದು ಕೇಳುವವರು ಇದ್ದಾರೆ. ನನ್ನ ಉತ್ತರ ಹೀಗೆ. ಋತು ಇಟ್ಟು ಬೇಟೆ ನಡೆಸುವ ದೇಶಗಳಲ್ಲಿ ಎಣಿಕೆ ಇದೆ, ಬೇಟೆಗಾರನಿಗೆ ಪರೀಕ್ಷೆ ಇದೆ. ಇಲ್ಲಿ ಆ ವ್ಯವಸ್ಥೆ ಯಾವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವತ್ತು ಮೊಲಕ್ಕೆಂದು ನಡೆಯುವ ಬೇಟೆ ಕೋವಿಯದಲ್ಲ, ಉರುಳಿನದು.

ಉರುಳು ಎಂದರೆ ಬೈಕಿನ ಕ್ಲಚ್ ವೈರು, ಬ್ರೇಕ್ ವೈರು. ಬೇಲಿಯ ಕಂಡಿಯಲ್ಲಿ ಕಟ್ಟಿ ಮನೆಗೆ ಹೋಗಿ ಮಲಗಿದರಾಯಿತು. ಅದಕ್ಕೆ ಬಂದದ್ದು ಮೊಲವೋ ಪುನುಗು ಬೆಕ್ಕೋ ನೆರೆಮನೆಯ ನಾಯಿಯೋ ಎಂಬ ವಿವೇಚನೆ ಇಲ್ಲ. ಕಾಡುಹಂದಿಗೆ ಒಡ್ಡಿದ ಉರುಳಿನಲ್ಲಿ ಚಿರತೆ ಸೊಂಟ ಸಿಕ್ಕಿಸಿಕೊಂಡು ಒದ್ದಾಡಿದ ಸುದ್ದಿಗಳು ರಾಜ್ಯದ ಎಷ್ಟು ಕಡೆಯಿಂದ ಬಂದಿಲ್ಲ! ಮೊಲ ಕಡಿಮೆಯಾದ ಗುಡ್ಡದಿಂದ ಚಿರತೆ ನಾಯಿ ಹುಡುಕಿಕೊಂಡು ಕೊಟ್ಟಿಗೆಯ ತನಕ ಬರುತ್ತದೆ. ಆಮೇಲೆ ‘ಚಿರತೆ ಹಾವಳಿ’ ಎಂದು ನಾವೇ ಅರ್ಜಿ ಬರೆಯುತ್ತೇವೆ.

ತಿನ್ನುವ ಮಾತೂ ಬರಲಿ, ಏಕೆಂದರೆ ಪ್ರಶ್ನೆಯ ಬೇರು ನಾಲಿಗೆಯಲ್ಲೇ ಇದೆ. ಚಳಿಗಾಲದ ಮೊಲಕ್ಕೆ ಕೊಬ್ಬು ಕಟ್ಟಿ ರುಚಿ ಹೆಚ್ಚು ಎಂಬ ನಂಬಿಕೆ ಕೇಳಿದ್ದೇನೆ. ಕಾಡುಮೊಲ ಕೊಬ್ಬು ಕಟ್ಟುವ ಪ್ರಾಣಿಯೇ ಅಲ್ಲ. ಎರಡು ಮೂರು ಕಿಲೋ ತೂಗುವ ಮೊಲದಲ್ಲಿ ಮೂಳೆ, ಚರ್ಮ, ಕರುಳು ಕಳೆದರೆ ಉಳಿಯುವುದು ಅರ್ಧದಷ್ಟು, ಅದೂ ಕಪ್ಪು ಕೆಂಪಿನ ಬಿರುಸು ಮಾಂಸ. ಹುರಿದ ಕಾಯಿ, ಕೊತ್ತಂಬರಿ, ಕಾಳುಮೆಣಸು ಹಾಕಿ ಗಂಟೆಗಟ್ಟಲೆ ಬೇಯಿಸಿದ ಮೇಲೆ ರುಚಿಯಾಗಿತ್ತು ಎಂದರೆ ಅದರಲ್ಲಿ ಮಸಾಲೆಯ ಪಾಲೆಷ್ಟು, ಮೊಲದ ಪಾಲೆಷ್ಟು? ಉತ್ತರ ಧ್ರುವದ ಕಡೆ ತಿರುಗಿದ ವಿಲ್ಹಾಲ್ಮರ್ ಸ್ಟೆಫಾನ್ಸನ್ ಬರೆದಿಟ್ಟ ಸಂಗತಿಯೊಂದಿದೆ: ಮೊಲವನ್ನಷ್ಟೇ ತಿಂದು ಬದುಕಲು ಹೋದವರು ಹೊಟ್ಟೆ ತುಂಬ ತಿಂದರೂ ಕೊಬ್ಬಿಲ್ಲದ ಮಾಂಸದಿಂದಾಗಿ ಭೇದಿ ಹತ್ತಿ ಸೊರಗುತ್ತಿದ್ದರು. ಕಾರವಾರದಲ್ಲಿ ಯಾರೂ ಆ ಸ್ಥಿತಿಗೆ ಬರುವುದಿಲ್ಲ ಬಿಡಿ. ಬಂಗಡೆ ತಾರಲೆ ಇರುವ ಊರಲ್ಲಿ ಕೊಬ್ಬಿಗೇನು ಬರ!

ಅಮೆರಿಕದ ಹಳ್ಳಿಗಳಲ್ಲಿ ಇನ್ನೊಂದು ಲೆಕ್ಕವಿದೆ. ತಿಂಗಳ ಹೆಸರಿನಲ್ಲಿ ‘ಆರ್’ ಅಕ್ಷರ ಇದ್ದರೆ ಮಾತ್ರ ಮೊಲ ತಿನ್ನಬೇಕು ಎನ್ನುತ್ತಾರೆ, ಅಂದರೆ ಸೆಪ್ಟೆಂಬರ್‌ನಿಂದ ಏಪ್ರಿಲ್. ಅದರಲ್ಲೂ ಗಟ್ಟಿ ಹಿಮ ಬಿದ್ದ ಮೇಲೆ. ಕಾರಣ ಟುಲರೀಮಿಯಾ ಎಂಬ ಜ್ವರ. ಕ್ಯಾಲಿಫೋರ್ನಿಯಾದ ಟುಲೇರ್ ಕೌಂಟಿಯಲ್ಲಿ 1911ರಲ್ಲಿ ಅಳಿಲು ಜಾತಿಯ ಪ್ರಾಣಿಗಳಲ್ಲಿ ಪತ್ತೆಯಾದ ಈ ರೋಗ ಉಣ್ಣೆ, ನೊಣಗಳಿಂದ ಮೊಲಕ್ಕೂ, ಮೊಲ ಸುಲಿಯುವವನ ಕೈಯ ಗಾಯದಿಂದ ಮನುಷ್ಯನಿಗೂ ಬರುತ್ತದೆ. ಹಿಮ ಬಿದ್ದರೆ ಉಣ್ಣೆ ಅಡಗುತ್ತದೆ, ಕಾಯಿಲೆಯ ಮೊಲ ಸತ್ತುಹೋಗಿರುತ್ತದೆ. ಅಂತರ್ಜಾಲದಲ್ಲಿ ಇದನ್ನು ಓದಿ ಬಂದು ಇಲ್ಲಿಗೂ ಅನ್ವಯಿಸುವವರನ್ನು ಕಂಡಿದ್ದೇನೆ. ಹಿಮವೇ ಬೀಳದ ಕರಾವಳಿಗೆ ಆ ಲೆಕ್ಕ ಹೇಗೆ ಹೊಂದೀತು?

ನಮ್ಮ ಜಿಲ್ಲೆಯ ಉಣ್ಣೆಯ ಲೆಕ್ಕ ಬೇರೆಯೇ ಇದೆ, ಮತ್ತು ಅದು ತಿರುಗುಮುರುಗು. ಪಕ್ಕದ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣ್ಣೆಯ ಮರಿಗಳಿಂದ. ಅವು ಕಾಡಿನ ಸಣ್ಣ ಪ್ರಾಣಿಗಳ ಮೈಮೇಲೆ ಬೆಳೆದು, ಒಣ ಎಲೆಯ ಮೇಲೆ ಕಾದು ಕೂರುತ್ತವೆ. ಮಳೆಗಾಲ ಮುಗಿದ ಮೇಲೆ ಅವುಗಳ ಸಂಖ್ಯೆ ಏರುತ್ತದೆ. ಜನರಲ್ಲಿ ಜ್ವರ ಕಾಣಿಸುವುದು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳು ಇದರ ಪೆಟ್ಟು ತಿಂದಿವೆ. ಒಣ ಎಲೆಯ ದರಕು ಗುಡಿಸಲು, ಸೌದೆಗೆ, ದನ ಮೇಯಿಸಲು ಹೋಗುವವರಿಗೆ ಆರೋಗ್ಯ ಇಲಾಖೆ ಕೈಕಾಲಿಗೆ ಹಚ್ಚಿಕೊಳ್ಳಲು ಡೆಪಾ ಎಣ್ಣೆ ಕೊಡುವುದು ಇದಕ್ಕಾಗಿಯೇ. ಹಳಬರು ಹೇಳಿದ ‘ಒಳ್ಳೆಯ ಕಾಲ’ವನ್ನು ಈ ತಿಂಗಳುಗಳ ಪಕ್ಕ ಇಟ್ಟು ನೋಡಿ. ಕೊಯ್ಲು ಮುಗಿದ ಮೇಲಿನಿಂದ ಹೋಳಿಯ ತನಕ, ಪೊದೆಯಲ್ಲಿ ನುಗ್ಗಿ, ದರಕಿನ ಮೇಲೆ ಹೊಂಚು ಹಾಕಿ ಕೂತು, ಬೆಚ್ಚಗಿನ ಮೊಲವನ್ನು ಹೆಗಲಿಗೆ ಹಾಕಿಕೊಂಡು ಬರುವುದು. ಉಣ್ಣೆಗೆ ಇದಕ್ಕಿಂತ ಅನುಕೂಲ ಬೇರೆ ಬೇಕೆ?

ನಿಷಿದ್ಧ ಕಾಲ ಎಂಬ ಕಲ್ಪನೆ ಈ ಊರಿಗೆ ಹೊಸದಲ್ಲ ಎಂಬುದೇ ನನಗೆ ಸಮಾಧಾನದ ಸಂಗತಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕಾರವಾರದ ಬೈತಖೋಲ, ಅಂಕೋಲೆಯ ಬೇಲೆಕೇರಿ ಬಂದರುಗಳಲ್ಲಿ ಪರ್ಸೀನ್, ಟ್ರಾಲ್ ಬೋಟುಗಳು ದಡಕ್ಕೆ ಕಟ್ಟಿರುತ್ತವೆ. ಹತ್ತು ಅಶ್ವಶಕ್ತಿಯ ತನಕದ ನಾಡದೋಣಿಗಳಿಗೆ ಮಾತ್ರ ಅವಕಾಶ. ಮೀನು ಮೊಟ್ಟೆಯಿಡುವ ಸಮಯ, ಈಗ ಬಲೆ ಎಳೆದರೆ ಆಗಸ್ಟ್‌ನಲ್ಲಿ ಬಲೆಗೆ ಏನೂ ಬರುವುದಿಲ್ಲ ಎಂಬುದನ್ನು ಇಲ್ಲಿನ ಮೀನುಗಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಸರ್ಕಾರ ತಾರೀಖು ಹಾಕುವ ಮುಂಚೆಯೂ ತೆಂಗಿನಕಾಯಿ ಬಿಟ್ಟು ಸಮುದ್ರ ಪೂಜೆ ಮಾಡದೆ ದೋಣಿ ಇಳಿಸದ ಪದ್ಧತಿ ಇತ್ತು. ಕದ್ದು ಹೋಗುವವರಿದ್ದಾರೆ, ಜಗಳಗಳಿವೆ, ಆದರೂ ಒಟ್ಟಾರೆ ಊರು ಆ ಗೆರೆಯನ್ನು ಒಪ್ಪಿದೆ. ಹಾಗೆ ಒಪ್ಪಲು ಕಾರಣ ಸಮುದ್ರಕ್ಕೆ ನಿಜವಾಗಿಯೂ ಒಂದು ಋತು ಇರುವುದು. ಮೊಲಕ್ಕೆ ಅದಿಲ್ಲ. ಹಾಗಾಗಿ ಅದರ ನಿಷಿದ್ಧ ಕಾಲ ಹನ್ನೆರಡು ತಿಂಗಳು.

ಅಷ್ಟಾಗಿಯೂ ಮೊಲದ ಮಾಂಸವೇ ಬೇಕು ಎನ್ನುವವರಿಗೆ ಸಾಕುಮೊಲ ಇದೆ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ಗ್ರೇ ಜಯಂಟ್ ಎಂಬ ತಳಿಗಳನ್ನು ಮಾಂಸಕ್ಕೆಂದೇ ಸಾಕುತ್ತಾರೆ. ರಾಜಸ್ಥಾನದ ಅವಿಕಾನಗರದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಕೊಡೈಕನಾಲ್ ಹತ್ತಿರದ ಮನ್ನವನೂರಿನ ತನ್ನ ಕೇಂದ್ರದಲ್ಲಿ ಇಂಥ ತಳಿಗಳ ಮೇಲೆ ಕೆಲಸ ಮಾಡುತ್ತದೆ. ಮೂರು ತಿಂಗಳಿಗೆ ಎರಡು ಕಿಲೋ ಆಸುಪಾಸು ಬರುತ್ತವೆ. ವನ್ಯಜೀವಿ ಕಾಯ್ದೆ ಇವುಗಳ ತಂಟೆಗೆ ಬರುವುದಿಲ್ಲ. ಆದರೆ ಸಾಕುವ ಮುಂಚೆ ಮನ್ನವನೂರು ಬೆಟ್ಟದ ಮೇಲಿನ ತಂಪು ಊರು ಎಂಬುದನ್ನು ನೆನಪಿಟ್ಟುಕೊಳ್ಳಿ. ಏಪ್ರಿಲ್, ಮೇ ತಿಂಗಳ ಕಾರವಾರದ ಸೆಕೆ ಈ ಪ್ರಾಣಿಗೆ ಆಗಿಬರುವುದಿಲ್ಲ. ಗಂಡುಗಳ ಫಲವತ್ತತೆ ಕುಸಿಯುತ್ತದೆ, ಮರಿಗಳು ಸಾಯುತ್ತವೆ. ಗಾಳಿಯಾಡುವ ಕೊಟ್ಟಿಗೆ, ಮೇಲೆ ಸೋಗೆಯ ನೆರಳು ಇಲ್ಲದೆ ಕೈ ಹಾಕಬಾರದು. ಇದರಲ್ಲಿ ದೊಡ್ಡ ಲಾಭ ತೋರಿಸುವ ಯೂಟ್ಯೂಬ್ ವಿಡಿಯೋಗಳನ್ನು ಅರ್ಧಕ್ಕರ್ಧ ಕಡಿಮೆ ಮಾಡಿ ನಂಬಬೇಕು.

ಕಾಡುಮೊಲದ ವಿಚಾರದಲ್ಲಿ ವರ್ಷದ ಒಂದು ಕಾಲವನ್ನು ನಾವು ನಿಜಕ್ಕೂ ತಿಳಿದಿರಬೇಕಾದದ್ದು ಬೇಟೆಗಲ್ಲ. ಜೂನ್‌ನಿಂದ ಅಕ್ಟೋಬರ್ ನಡುವೆ ತೋಟದ ಕಳೆ ಕೊಚ್ಚುವಾಗ, ಬೇಣದ ಹುಲ್ಲು ಕೊಯ್ಯುವಾಗ ಅಂಗೈಯಗಲದ ಮರಿಯೊಂದು ಒಂಟಿಯಾಗಿ ಮುದುಡಿ ಕೂತದ್ದು ಸಿಗುತ್ತದೆ. ಮೆಷಿನ್ನಿನ ಸದ್ದಿಗೂ ಅದು ಓಡುವುದಿಲ್ಲ. ಪಾಪ, ತಾಯಿ ಬಿಟ್ಟುಹೋಗಿದೆ ಎಂದು ಮಕ್ಕಳು ಎತ್ತಿ ತಂದು ರಟ್ಟಿನ ಡಬ್ಬಿಯಲ್ಲಿಟ್ಟು ದನದ ಹಾಲು ಕುಡಿಸುತ್ತಾರೆ. ಎರಡು ಮೂರು ದಿನದಲ್ಲಿ ಹೊಟ್ಟೆ ಕೆಟ್ಟು ಸಾಯುತ್ತದೆ. ತಾಯಿ ಬಿಟ್ಟುಹೋಗಿರುವುದಿಲ್ಲ. ತನ್ನ ವಾಸನೆ ಹಿಡಿದು ನರಿ ಬರಬಾರದೆಂದು ಮರಿಗಳನ್ನು ಬೇರೆ ಬೇರೆ ಕಡೆ ಕೂರಿಸಿ ದೂರ ಇರುತ್ತದೆ, ಕತ್ತಲಾದ ಮೇಲೆ ಒಮ್ಮೆ ಬಂದು ಹಾಲು ಕೊಟ್ಟು ಹೋಗುತ್ತದೆ. ಅಂಥ ಮರಿ ಕಂಡರೆ ಆ ಜಾಗದ ಸುತ್ತ ನಾಲ್ಕು ಮಾರು ಹುಲ್ಲನ್ನು ಕೊಯ್ಯದೆ ಬಿಡಿ, ನಾಯಿಯನ್ನು ಮನೆಯಲ್ಲಿ ಕಟ್ಟಿ, ಮರಿಯನ್ನು ಮುಟ್ಟಬೇಡಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ. ಮನೆಗೆ ತಂದು ಸಾಕುವುದಕ್ಕೂ ಕಾಯ್ದೆಯ ಅನುಮತಿ ಇಲ್ಲ.